ನಾನು ಕುದುರೆಯಿಂದ ಇಳಿಯಂಗಿಲ್ಲ

ಕುದುರೆ ಸವಾರಿ ಕಲಿಯಲು ಹೋದವರಿಗೆ ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಅವೇ ವಾರಕ್ಕೊಂದರಂತೆ ಮನೆ ಬಾಗಿಲಿಗೆ ಬರುತ್ತವೆ. ಹೋದವಳಿಗೆ ಐವತ್ತೇಳು ವಯಸ್ಸಾಗಿ, ಎಡಗಾಲಿನ ಮಂಡಿ ಆಗಲೇ ಮುಷ್ಕರ ಹೂಡಿದ್ದರೆ ವಾರಕ್ಕೆ ಎರಡು.

ಇದಕ್ಕೆಲ್ಲ ಕಾರಣ ನನ್ನ ನಾದಿನಿ. ಆಕೆ ಸನತ್‌ನಗರದ ಒಂದು ಶಾಲೆಯಲ್ಲಿ ಹೆಡ್‌ಮಿಸ್. ಮನೆಯಲ್ಲೂ ಹೆಡ್‌ಮಿಸ್ಸೇ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದರೂ ಬುದ್ಧಿ ಹೇಳುವುದರಲ್ಲಿ ನಲವತ್ತು ವರ್ಷ ದೊಡ್ಡವಳು. ಒಂದು ಭಾನುವಾರ ನಮ್ಮ ಮಲ್ಕಾಜ್‌ಗಿರಿಯ ಮನೆಗೆ ಊಟಕ್ಕೆ ಬಂದವಳು ಕೈ ತೊಳೆಯುತ್ತಾ ಹೇಳಿದಳು: "ವೈನಿ, ಇನ್ನ ಸಾಕ್ರಿ ಓಡಾಟ. ಸಾವಕಾಶ ಒಂದ ಭಜನಿ ಮಂಡಳಿ ಸೇರ್ರಿ. ಈ ವಯಸ್ಸಿನ್ಯಾಗ ಹೊಸಾದು ಏನೂ ಹಚ್ಕೋಬಾರದು."

ನಾನು ಮೂವತ್ತು ವರ್ಷದಿಂದ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿರುವವಳು. ಗಂಡಸರು ಮಾಡಿದ ಬಿಡಿಭಾಗಗಳಿಗೆ 'ಇದು ನಡೆಯುವುದಿಲ್ಲ' ಎಂದು ಬರೆದು ವಾಪಸ್ ಕಳಿಸುವುದೇ ನನ್ನ ಕೆಲಸ. ನನಗೇ ಒಬ್ಬರು 'ನಡೆಯುವುದಿಲ್ಲ' ಎಂದರೆ ಸುಮ್ಮನಿರುವುದು ಹೇಗೆ? ಮರುದಿನ ಕಾರ್ಖಾನೆಯ ಬಸ್ಸಿನಲ್ಲಿ ಬರುವಾಗ ಊರಾಚೆಯ ರಸ್ತೆಯಲ್ಲಿ ಒಂದು ಬೋರ್ಡು ಕಂಡಿತು. ಕುದುರೆ ಸವಾರಿ ತರಗತಿ, ಎಲ್ಲ ವಯಸ್ಸಿನವರಿಗೂ. 'ಎಲ್ಲ' ಎಂದು ಅವರೇ ಬರೆದಿದ್ದರು. ನಾನು ಇಳಿದೆ.

೧. ಪಾಲಕರ ಸಹಿ

ಅಲ್ಲಿ ಕಲಿಸುವವರು ಸೈನ್ಯದಿಂದ ನಿವೃತ್ತರಾದವರು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ಮತ್ತೆ ಗೇಟಿನ ಕಡೆ ನೋಡಿ ಕೇಳಿದರು: "ಬಚ್ಚಾ ಕಿಧರ್ ಹೈ, ಮೇಡಂ?"

"ನಾನೇ ಬಚ್ಚಾ" ಎಂದೆ.

ಅವರು ಮೀಸೆ ಸವರಿಕೊಂಡು ಅರ್ಜಿ ಕೊಟ್ಟರು. ಅದರಲ್ಲಿ ಶಾಲೆಯ ಹೆಸರು ಎಂಬ ಕಾಲಂ ಇತ್ತು, ಕಾರ್ಖಾನೆಯ ಹೆಸರು ಬರೆದೆ. ಕೊನೆಯಲ್ಲಿ ಪಾಲಕರ ಸಹಿ ಎಂದಿತ್ತು. ಅದನ್ನು ಹೊಡೆದುಹಾಕಿ ಎಂದರೆ ಉಸ್ತಾದ್ ಒಪ್ಪಲಿಲ್ಲ. ಫಾರಂ ಎಂದರೆ ಫಾರಂ, ಖಾಲಿ ಬಿಟ್ಟರೆ ನಡೆಯುವುದಿಲ್ಲ ಎಂದರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಮನೆಗೆ ಬಂದು ಗಂಡನ ಮುಂದಿಟ್ಟೆ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು, ಕಾಗದ ಕಂಡರೆ ಮೊದಲು ಕನ್ನಡಕ ಹುಡುಕುತ್ತಾರೆ, ಆಮೇಲೆ ನೆಪ. "ನಾ ನಿನ್ನ ಪಾಲಕ ಹೆಂಗ ಆಗ್ತೀನಿ? ನಾಳೆ ನೀ ಬಿದ್ರ ನನ್ನ ತಂಗಿ ನನಗ ಬೈತಾಳ" ಎಂದು ಜಾರಿಕೊಂಡರು. ನಮ್ಮ ಜೊತೆಗೇ ಇರುವ ನನ್ನ ಅವ್ವನಿಗೆ ಎಂಬತ್ತೆರಡು. ಎಲ್ಲ ಕೇಳಿಸಿಕೊಂಡು "ತಾ ಇಲ್ಲೆ" ಎಂದು ಪೆನ್ನು ಕಸಿದುಕೊಂಡು, ಪೂರ್ತಿ ಹೆಸರನ್ನು ಗುಂಡಗೆ ಬರೆದು ಸಹಿ ಮಾಡಿದಳು. ಆಮೇಲೆ ಬೆರಳೆತ್ತಿ ಹೇಳಿದಳು:

"ಕಲಿ. ಆದರ ಬಿದ್ದು ಅಳಕೋತ ನನ್ನ ಕಡೆ ಬರಬ್ಯಾಡ. ಮತ್ತ ಕತ್ತಲ ಆಗೂದರಾಗ ಮನೀಗೆ ಬಾ."

೨. ನಾಲ್ಕು ಲಿಂಬೆಹಣ್ಣು

ನನಗೆ ಕೊಟ್ಟ ಕುದುರೆ ಬಿಳಿ ಹೆಣ್ಣು, ಹೆಸರು ಬೇಗಂ. ವಯಸ್ಸಾಗಿದ್ದರೂ ಠೀವಿ ಕಡಿಮೆಯಾಗಿರಲಿಲ್ಲ. ಇಬ್ಬರಿಗೂ ನೋಡಿದ ತಕ್ಷಣ ಒಪ್ಪಿಗೆಯಾಯಿತು.

ನಮ್ಮ ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಪೂಜೆಯಾಗದೆ ಸ್ವಿಚ್ಚು ಒತ್ತುವುದಿಲ್ಲ. ಸ್ಕೂಟರಿಗೂ ಹಾಗೇ. ಹೀಗಿರುವಾಗ ಜೀವವಿರುವ ವಾಹನಕ್ಕೆ ಪೂಜೆ ಬೇಡವೇ? ಮೊದಲ ಪಾಠದ ದಿನ ಸ್ಟೇಷನ್ ಎದುರಿನ ಹೂವಿನವಳಿಂದ ಚೆಂಡುಹೂವಿನ ಹಾರ, ಸ್ಟೀಲ್ ತಟ್ಟೆಯಲ್ಲಿ ನೆನೆಸಿದ ಕಡಲೆಬೇಳೆ, ಬೆಲ್ಲ, ಕುಂಕುಮ, ನಾಲ್ಕು ಲಿಂಬೆಹಣ್ಣು ತೆಗೆದುಕೊಂಡು ಹೋದೆ. ಲಾಯ ನೋಡಿಕೊಳ್ಳುವ ಕಾಕಾ ಬೀದರ್ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ಮುಖ ಅರಳಿಸಿ "ಬರ್ರಿ ಅಕ್ಕಾರ, ನಾನೂ ಹಿಡೀತೀನಿ" ಎಂದು ತಟ್ಟೆ ಹಿಡಿದರು.

ಹಾರ ಹಾಕಿದೆ, ಹಣೆಗೆ ಕುಂಕುಮ ಇಟ್ಟೆ, ಕಡಲೆಬೇಳೆ ತಿನ್ನಿಸಿದೆ. ಬೇಗಂ ಕಣ್ಣು ಅರೆಮುಚ್ಚಿ, ಕತ್ತು ಎತ್ತಿ ನಿಂತಳು. ನಾಲ್ಕು ಗೊರಸಿನ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟೆ. ಅವಳು ಬಗ್ಗಿ ಒಂದನ್ನು ಬಾಯಿಗೆ ಹಾಕಿ ಕಚ್ಚಿದಳು. ಮರುಕ್ಷಣ ಮೇಲ್ದುಟಿ ಮೂಗಿನ ತನಕ ಮಡಚಿ, ಇದ್ದಷ್ಟೂ ಹಲ್ಲು ತೋರಿಸಿ ಆಕಾಶ ನೋಡಿದಳು. ಉಸ್ತಾದ್ ಓಡಿಬಂದು "ಏನಾಯಿತು ಇದಕ್ಕೆ?" ಎಂದು ಗದರಿದರು.

"ಏನಿಲ್ಲ ಸಾಬ್, ನಗಾಕತ್ತೈತಿ" ಎಂದರು ಕಾಕಾ, ಪ್ರಸಾದದ ಬೆಲ್ಲ ಅಗಿಯುತ್ತಾ.

ಲಿಂಬೆಹಣ್ಣು ಅಂದಿಗೇ ನಿಂತಿತು. ಹಾರ ಮತ್ತು ಕಡಲೆಬೇಳೆ ಮಾತ್ರ ಪ್ರತಿ ಭಾನುವಾರ ತಪ್ಪದೆ ನಡೆಯಿತು. ಉಸ್ತಾದ್ ಎರಡು ಸಲ ಬೇಡ ಎಂದರು. ಬೇಡ ಎಂದ ಮೇಲೆ ನಾನು ಬಿಡುತ್ತೇನೆಯೇ?

೩. ಕೋಠಿಯ ಪ್ಯಾಂಟು

ಸೀರೆಯಲ್ಲಿ ಸಾಧ್ಯವಿಲ್ಲ, ಸಲ್ವಾರ್ ಜೀನಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಬಿಗಿಯಾದ ಪ್ಯಾಂಟು ಬೇಕು ಎಂದರು ಉಸ್ತಾದ್. ಕೋಠಿಯ ಬಜಾರಿಗೆ ಹೋದೆ. ಸಮವಸ್ತ್ರ ಮಾರುವ ಅಂಗಡಿಯಲ್ಲಿ ಮುದುಕರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು, "ಸೆಕ್ಯೂರಿಟಿಯಾ?"

"ಅಲ್ಲ, ಕುದುರೆ."

ಅವರು ಏನೂ ಆಶ್ಚರ್ಯಪಡದೆ ಒಳಗೆ ಹೋಗಿ ಕೆಂಪು ಬಣ್ಣದ, ಎರಡೂ ಬದಿಗೆ ಬಂಗಾರದ ಪಟ್ಟಿಯಿದ್ದ ಪ್ಯಾಂಟು ತಂದರು. ಮದುವೆ ಬ್ಯಾಂಡಿನವರು ಹಾಕುವುದು. ನನ್ನ ಅಳತೆಗೆ ಇರುವುದು ಇದೊಂದೇ, ಟ್ರಂಪೆಟ್ ಊದುವವನಿಗೆ ಹೊಲಿದದ್ದು, ಅವನು ಸಣ್ಣಗಾದ ಎಂದರು. ಕೂತು ಎದ್ದು ನೋಡಿದೆ, ಹೇಳಿ ಮಾಡಿಸಿದಂತಿತ್ತು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೂರನೇ ಮಹಡಿಯವರು ನನ್ನನ್ನು ಕಂಡು ಕಣ್ಣರಳಿಸಿದರು. ನಾನೂ ಅಷ್ಟೇ ದೊಡ್ಡದಾಗಿ ಕಣ್ಣರಳಿಸಿದೆ. ನನ್ನ ಗಂಡ ಮಾತ್ರ ಕನ್ನಡಕ ಹಾಕಿಕೊಂಡು ನೋಡಿ ಕೇಳಿದರು:

"ಟೋಪಿ ಕೊಡಲಿಲ್ಲೇನು?"

೪. ಹತ್ತು ಹೆಜ್ಜೆ

ಕೂರುವುದು ಬಂತು, ಲಗಾಮು ಹಿಡಿಯುವುದು ಬಂತು. ಟಕಟಕ ಹೆಜ್ಜೆಯ ಕುಕ್ಕುಲೋಟ ಮಾತ್ರ ಬರಲಿಲ್ಲ. ನನಗಲ್ಲ, ಬೇಗಂಗೆ. ಅವಳು ಗಂಭೀರವಾಗಿ ಹತ್ತು ಹೆಜ್ಜೆ ನಡೆಯುವಳು, ನಿಲ್ಲುವಳು. ಯಾರಿಗೋ ಕಾಯುವಂತೆ ಎರಡು ನಿಮಿಷ ನಿಂತು ಮತ್ತೆ ಹತ್ತು ಹೆಜ್ಜೆ. ಹಿಮ್ಮಡಿಯಿಂದ ಒತ್ತಿದೆ, ನಾಲಿಗೆಯಿಂದ ಚ್ ಚ್ ಎಂದೆ, ಕೊನೆಗೆ ಕೈ ಮುಗಿದೆ. ಅವಳು ತಲೆಯಾಡಿಸಿ ನಿಂತಳು. ಆರು ವರ್ಷದ ಒಂದು ಚೋಟುದ್ದ ಹುಡುಗಿ ತನ್ನ ಕುದುರೆ ಓಡಿಸಿಕೊಂಡು ಪಕ್ಕದಲ್ಲೇ ಹಾದು "ಅಜ್ಜಿ, ಸೈಡ್!" ಎಂದು ಕೂಗಿದಳು. ಅದೇ ಬೇಗಂ ವಾರದ ದಿನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಚೆನ್ನಾಗಿಯೇ ಓಡುತ್ತಾಳೆ ಎಂದು ಕಾಕಾ ಹೇಳಿದಾಗ ನನಗೆ ನಿಜಕ್ಕೂ ಅಳು ಬಂತು. ಅವ್ವನ ಮಾತು ನೆನಪಾಗಿ ನುಂಗಿಕೊಂಡೆ.

ಎರಡು ತಿಂಗಳಾದ ಮೇಲೆ ಉಸ್ತಾದ್ ಪಕ್ಕಕ್ಕೆ ಕರೆದು ಹೇಳಿದರು. ಬರುವ ಭಾನುವಾರ ಪರೀಕ್ಷೆ. ಹಗ್ಗ ಇರುವುದಿಲ್ಲ, ಕುದುರೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಕುಕ್ಕುಲೋಟ ಓಡಿಸಿ, ನಡುವೆ ಎಲ್ಲೂ ಇಳಿಯದೆ ಹೊರಟ ಜಾಗಕ್ಕೇ ಬರಬೇಕು. ಆಗದಿದ್ದರೆ ಬೇಸರ ಬೇಡ ಮೇಡಂ, ಹುಟ್ಟುಹಬ್ಬದ ಮಕ್ಕಳನ್ನು ಹಗ್ಗ ಹಿಡಿದು ಸುತ್ತಿಸುತ್ತೇವಲ್ಲ, ಅದರಲ್ಲಿ ನಿಮ್ಮನ್ನೂ ಸುತ್ತಿಸೋಣ ಎಂದರು. ಮರ್ಯಾದೆಯಿಂದಲೇ ಹೇಳಿದರು. ಅದೇ ಹೆಚ್ಚು ಉರಿಯಿತು.

ಗಂಡ ಇದನ್ನು ಸನತ್‌ನಗರಕ್ಕೆ ಮುಟ್ಟಿಸದೆ ಇರುತ್ತಾರೆಯೇ? ನಾದಿನಿಯ ಫೋನು ಬಂತು. "ಬರ್ತೀನ್ರಿ ವೈನಿ ನೋಡಾಕ. ಭಜನಿ ಮಂಡಳಿಯವರಿಗೆ ಸೋಮವಾರದಿಂದ ನಿಮ್ಮ ಹೆಸರ ಹಚ್ಚರಿ ಅಂತ ಹೇಳೀನಿ."

೫. ಆರತಿ

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಲಾಯದ ಬೇಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವ, ನಿಂತುಕೊಂಡು ಗಂಡ, ಕೊಡೆ ಹಿಡಿದು ನಾದಿನಿ. ಪರೀಕ್ಷೆಯ ದಿನವೆಂದು ಎರಡು ಹಾರ ಹಾಕಿದೆ, ಕಡಲೆಬೇಳೆ ಎರಡು ಹಿಡಿ ಹೆಚ್ಚಿಗೆ ತಿನ್ನಿಸಿದೆ. ಕೆಂಪು ಪ್ಯಾಂಟು ತೊಟ್ಟು ಏರಿ ಕೂತೆ. ಉಸ್ತಾದ್ ಹಗ್ಗ ಬಿಚ್ಚಿದರು.

ಹತ್ತು ಹೆಜ್ಜೆ. ನಿಂತಳು. ಹತ್ತು ಹೆಜ್ಜೆ. ನಿಂತಳು. ನಾದಿನಿ ಕೊಡೆಯ ಮರೆಯಲ್ಲಿ ನಗುತ್ತಿದ್ದುದು ಕೊಡೆ ಅಲುಗಿದ್ದರಿಂದ ತಿಳಿಯಿತು.

ಅಷ್ಟರಲ್ಲಿ ರಸ್ತೆಯಲ್ಲಿ ಬ್ಯಾಂಡು ಮೊಳಗಿತು. ಅರ್ಧ ಕಿಲೋಮೀಟರ್ ಆಚೆಯ ಫಂಕ್ಷನ್ ಹಾಲಿಗೆ ಮದುಮಗನ ಮೆರವಣಿಗೆ ಹೊರಟಿತ್ತು, ಹುಡುಗ ತೆರೆದ ಜೀಪಿನಲ್ಲಿದ್ದ. ಬೇಗಂಳ ಕಿವಿ ನೆಟ್ಟಗಾದವು. ತೆರೆದಿದ್ದ ಗೇಟಿನಿಂದ ಹೊರಬಿದ್ದು ಓಡಿದಳು ನೋಡಿ, ಟಕಟಕ ಟಕಟಕ ಅಪ್ಪಟ ಕುಕ್ಕುಲೋಟ! ಕಲಿಸಿದಂತೆ ನಾನೂ ಜೀನಿನ ಮೇಲೆ ಏಳುತ್ತಾ ಕೂರುತ್ತಾ ಹೋದೆ. ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ?

ಬೇಗಂ ಜೀಪನ್ನು ಹಿಂದೆ ಹಾಕಿ, ಬ್ಯಾಂಡಿನವರ ಹಿಂದೆ ತನ್ನ ಜಾಗ ಹಿಡಿದು, ಹತ್ತು ಹೆಜ್ಜೆ ನಡೆದು ನಿಂತಳು. ಹುಡುಗರು ಬಂದು ಸುತ್ತಲೂ ಕುಣಿದರು. ಮತ್ತೆ ಹತ್ತು ಹೆಜ್ಜೆ. ಅವಳು ಎರಡು ತಿಂಗಳಿಂದ ಕಾಯುತ್ತಿದ್ದದ್ದು ಇವರಿಗೆ ಎಂದು ಆಗ ನನಗೆ ಹೊಳೆಯಿತು. ಗಂಡಿನವರು ನನ್ನನ್ನು ಹೆಣ್ಣಿನವರ ಏರ್ಪಾಡು ಎಂದುಕೊಂಡರು, ಹೆಣ್ಣಿನವರು ಗಂಡಿನವರದು ಎಂದುಕೊಂಡರು. ಪ್ಯಾಂಟು ನೋಡಿದ ಟ್ರಂಪೆಟ್‌ನವನು ಯಾವ ಬ್ಯಾಂಡ್ ಕಂಪನಿಯವರು ಎಂದು ಕೇಳಿದ. ಹಾಲಿನ ಬಾಗಿಲಲ್ಲಿ ಮೆರವಣಿಗೆ ನಿಂತಿತು. ಮದುಮಗನಿಗೆ ಆರತಿಯಾಗಿ ಎಲ್ಲರೂ ಒಳಗೆ ಹೊರಟರು. ಬೇಗಂ ಮಾತ್ರ ಬಾಗಿಲಿಗೆ ಮುಖ ಮಾಡಿ ನಿಂತವಳು ಅಲುಗಾಡಲಿಲ್ಲ.

ಉಸ್ತಾದ್ ಮತ್ತು ಕಾಕಾ ಏದುಸಿರು ಬಿಡುತ್ತಾ ಬಂದರು. ಸ್ಕೂಟರಿನಲ್ಲಿ ಗಂಡ, ಹಿಂದೆ ನಾದಿನಿ. ಕಾಕಾ ತಲೆ ಕೆರೆದುಕೊಂಡು ಬಾಯಿ ಬಿಟ್ಟರು: "ಅಕ್ಕಾರ, ಇದು ಹತ್ತ ವರ್ಷ ಲಗ್ನದ ಕುದರಿ ಆಗಿತ್ರಿ. ಹಾರ ಹಾಕಿ ಕಡ್ಲಿಬ್ಯಾಳಿ ತಿನಿಸಿದ್ರ ಮೆರವಣಿಗಿ ಸುರು ಆತು ಅಂತ ತಿಳೀತೈತಿ. ಮ್ಯಾಲ ಕುಂತವರು ಇಳೀಬೇಕು, ಇಲ್ಲಾ ಅವರಿಗೆ ಆರತಿ ಆಗಬೇಕು. ಅಲ್ಲೀತನಕ ಲಾಯಕ್ಕ ಹೊಳ್ಳಂಗಿಲ್ಲ."

"ಎರಡು ತಿಂಗಳು ಯಾಕ ಹೇಳಲಿಲ್ಲರಿ?" ಎಂದೆ.

"ನೀವು ಭಾಳ ಭಕ್ತಿಲೇ ಮಾಡಾಕತ್ತಿದ್ರಿ. ಪ್ರಸಾದಾನೂ ಚಲೋ ಇರ್ತಿತ್ತು."

ಉಸ್ತಾದ್ ಹೇಳಿದರು, ಇಳಿಯಿರಿ ಮೇಡಂ, ಪರೀಕ್ಷೆ ಮುಂದಿನ ತಿಂಗಳು ನೋಡೋಣ. ಗಂಡ "ಇಳಿ ಮಾರಾಯ್ತಿ, ಮಂದಿ ನೋಡಾಕತ್ತಾರ" ಎಂದರು. ನಾದಿನಿ ಕೊಡೆ ಮಡಚಿ "ಇಳೀರಿ ವೈನಿ" ಎಂದು ಶಾಲೆಯ ದನಿಯಲ್ಲಿ ಹೇಳಿದಳು.

"ನಾ ಇಳಿಯಂಗಿಲ್ಲ" ಎಂದೆ. "ಹಗ್ಗಿಲ್ಲ, ಯಾರೂ ಮುಟ್ಟಿಲ್ಲ, ಕುಕ್ಕುಲೋಟ ಆಗೇತಿ. ಇಳೀದಂಗ ಹೊಳ್ಳಿ ಹೋದ್ರ ನಾ ಪಾಸ್. ಆರತಿ ಬೇಕಲ್ಲ? ಮಾಡ್ರಿ."

ಹೆಣ್ಣಿನ ತಾಯಿಯನ್ನು ಕೇಳಿದೆವು. ಆಕೆ ತೆಲುಗಿನಲ್ಲಿ, ನನಗೆ ಇರುವವನು ಒಬ್ಬನೇ ಅಳಿಯ, ನಿಮ್ಮವರಿಗೆ ನೀವೇ ಮಾಡಿಕೊಳ್ಳಿ ಎಂದು ತಟ್ಟೆಯನ್ನು ಹತ್ತಿರ ಇದ್ದ ನಾದಿನಿಯ ಕೈಗಿಟ್ಟು ಒಳಗೆ ಓಡಿದಳು. ನಾದಿನಿ ಅಣ್ಣನ ಮುಖ ನೋಡಿದಳು. ಅಣ್ಣ ಚಪ್ಪಲಿ ನೋಡಿಕೊಂಡರು. ಹಿಂದೆ ಮೂರು ಕಾರು, ಎರಡು ಆಟೋ ಹಾರ್ನ್ ಹೊಡೆಯುತ್ತಿದ್ದವು. ಬೇರೆ ದಾರಿಯಿಲ್ಲದೆ ಆಕೆ ತಟ್ಟೆ ಎತ್ತಿದಳು, ನಾನು ಬಗ್ಗಿ ಹಣೆಗೆ ಕುಂಕುಮ ಹಚ್ಚಿಸಿಕೊಂಡೆ. ಬೇಗಂ ಅಲುಗಲಿಲ್ಲ.

"ಹಾಡಬೇಕ್ರಿ" ಎಂದರು ಕಾಕಾ. "ಹಾಡಿಲ್ಲದ ಆರತಿ ಅದಕ್ಕ ನಡ್ಯಂಗಿಲ್ಲ."

ನನ್ನನ್ನು ಭಜನೆಗೆ ಹಚ್ಚಲು ಬಂದವಳು ನಡುರಸ್ತೆಯಲ್ಲಿ ಕತ್ತು ಮೇಲೆತ್ತಿ, ಬ್ಯಾಂಡಿನ ಪ್ಯಾಂಟು ತೊಟ್ಟ ವೈನಿಗೆ ಎರಡು ನುಡಿ ಆರತಿ ಹಾಡು ಹೇಳಿದಳು. ದನಿ ಚೆನ್ನಾಗಿಯೇ ಇದೆ, ಅದನ್ನು ಒಪ್ಪಲೇಬೇಕು. ಹಾಡು ಮುಗಿದದ್ದೇ ಬೇಗಂ ತಲೆ ಕೊಡವಿ ತಿರುಗಿದಳು. ಡ್ಯೂಟಿ ಮುಗಿಸಿದವಳ ಹಾಗೆ ಟಕಟಕನೆ ಲಾಯದತ್ತ ಓಡಿದಳು. ಗೇಟು ದಾಟಿ, ಹೊರಟ ಜಾಗಕ್ಕೇ ಬಂದು ನಿಂತೆವು. ಹಿಂದಿನಿಂದ ಓಡಿಬಂದ ಉಸ್ತಾದ್ ಬಹಳ ಹೊತ್ತು ಮೊಣಕಾಲು ಹಿಡಿದು ಉಸಿರು ತೆಗೆದುಕೊಂಡು, ಒಂದೇ ಮಾತು ಹೇಳಿದರು: "ಪಾಸ್."

ಆಗ ಇಳಿದೆ. ಸೀದಾ ಪ್ಲಾಸ್ಟಿಕ್ ಕುರ್ಚಿಯ ಕಡೆ ಹೋದೆ. ಅಷ್ಟು ಹೊತ್ತು ಒಬ್ಬಳೇ ಕೂತಿದ್ದ ಅವ್ವ ನನ್ನನ್ನು ನೋಡಿದಳು, ಹಣೆಯ ಮೇಲಿನ ಆರತಿಯ ಕುಂಕುಮ ನೋಡಿದಳು.

"ಪಾಸ್ ಆದೆ ಅವ್ವಾ" ಎಂದೆ.

"ಅದಿರ್ಲಿ" ಎಂದಳು. "ಸಹಿ ಮಾಡಿದಾಕಿ ನಾ. ನನ್ನ ಒಂದ ಮಾತ ಕೇಳದಂಗ ಮಂದಿ ಲಗ್ನಕ್ಕ ಹೋದಿ. ಹೋದಾಕಿ ಊಟಾನರೆ ಮಾಡ್ಕೊಂಡ ಬರಬಾರದೇನ?"