ಮಾವ ತಟ್ಟಿ ನೋಡಿದ ವಿಮಾನ

ಬಿ.ಎ. ಪಾಸು ಮಾಡಿದವನು ಜೀವನದಲ್ಲಿ ಮೊದಲು ಕಳೆದುಕೊಳ್ಳುವುದು ‘ನನಗೆ ಗೊತ್ತಿಲ್ಲ’ ಎಂಬ ಮಾತನ್ನು. ಓದದವರು ಆ ಮಾತನ್ನು ದಿನಕ್ಕೆ ಹತ್ತು ಸಲ ಧಾರಾಳವಾಗಿ ಆಡಿ ಹಾಯಾಗಿ ಮಲಗುತ್ತಾರೆ. ನಮ್ಮಂಥವರಿಗೆ ಅದು ನಾಲಗೆಯ ತುದಿಗೆ ಬಂದರೂ ಹಲ್ಲಿನ ಹಿಂದೆ ನಿಂತುಬಿಡುತ್ತದೆ. ಅದರಲ್ಲೂ ವಂಶದಲ್ಲಿ ಮೊದಲು ಓದಿದವನಾದರೆ ಮುಗಿದೇ ಹೋಯಿತು. ನಮ್ಮಪ್ಪ ಹೆಬ್ಬೆಟ್ಟು ಒತ್ತುವವರು. ಅವರಪ್ಪನಿಗೆ ಹೆಬ್ಬೆಟ್ಟು ಒತ್ತುವ ಸಂದರ್ಭವೂ ಬರಲಿಲ್ಲ. ನಾನು ಮಂಡ್ಯ ಸೀಮೆಯ ಕೊಪ್ಪದ ಹತ್ತಿರದ ನಮ್ಮ ಹಳ್ಳಿಯಿಂದ ಮದ್ದೂರಿಗೆ ನಡೆದು ಓದಿ, ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ನೀರುಸಾರು ಉಂಡು, ಒಂದು ಸಲ ಡುಮ್ಕಿ ಹೊಡೆದು, ಎರಡನೆಯ ಸಲ ಇತಿಹಾಸದಲ್ಲಿ ಬಿ.ಎ. ಆದವನು. ಡುಮ್ಕಿಯ ವಿಷಯ ಊರಿಗೆ ಇನ್ನೂ ಗೊತ್ತಿಲ್ಲ. ಬೇರೆಯವರಿಗಿಂತ ಒಂದು ವರ್ಷ ಜಾಸ್ತಿ ಓದಿದ್ದರಿಂದ ನಾನು ಬೇರೆಯವರಿಗಿಂತ ಜಾಸ್ತಿ ಓದಿದವನು ಎಂದೇ ಅವರ ಎಣಿಕೆ. ಆ ಎಣಿಕೆಯನ್ನು ತಿದ್ದುವ ಕೆಲಸಕ್ಕೆ ನಾನೂ ಹೋಗಿಲ್ಲ.

ನಮ್ಮೂರಿನ ಪ್ರಕಾರ ಬಿ.ಎ. ಎಂದರೆ ಎಲ್ಲವನ್ನೂ ಬಲ್ಲವನು. ನಾನು ಮಂಡ್ಯದ ಶಾಲೆಯಲ್ಲಿ ಹುಡುಗರಿಗೆ ಪಾಣಿಪತ್ತಿನ ಯುದ್ಧಗಳನ್ನು ಹೇಳಿಕೊಡುವ ಮೇಷ್ಟ್ರು. ಭಾನುವಾರ ಊರಿಗೆ ಬಂದರೆ ಜಗಲಿಯ ಮೇಲೆ ಔಷಧಿ ಸೀಸೆ, ಕೋರ್ಟಿನ ನೋಟೀಸು, ತಂತಿ, ರೈಲು ಕಂಪನಿಯ ರಸೀದಿ ಎಲ್ಲವೂ ನನಗಾಗಿ ಕಾದಿರುತ್ತವೆ. ಒಮ್ಮೆ ಒಬ್ಬರು ಗಬ್ಬವಾಗದ ಎಮ್ಮೆಯನ್ನೇ ಹಿಡಿದುಕೊಂಡು ಬಂದಿದ್ದರು. ನಾನು ಅದರ ಸುತ್ತ ಒಂದು ಸುತ್ತು ಬಂದು, ಕನ್ನಡಕ ಒರೆಸಿಕೊಂಡು, ‘ಇನ್ನೊಂದು ತಿಂಗಳು ನೋಡಿ’ ಎಂದೆ. ದೇವರು ದೊಡ್ಡವನು, ಮುಂದಿನ ತಿಂಗಳು ಗಬ್ಬವಾಯಿತು. ನನ್ನ ಅಹಂಕಾರಕ್ಕೆ ಆ ಎಮ್ಮೆಯೂ ಸ್ವಲ್ಪ ಕಾರಣ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ವರ್ಷ ನಮ್ಮ ಸೋದರಮಾವ ಸಿದ್ದೇಗೌಡರು ವಿಮಾನ ಕೊಳ್ಳಲು ಹೊರಟಾಗ ಅದನ್ನು ಪರೀಕ್ಷೆ ಮಾಡಿದವನು ನಾನು.

ಮಾವನ ಊರು ಚಿಕ್ಕರಸಿನಕೆರೆಯ ಕಡೆ. ಕಬ್ಬು, ಆಲೆಮನೆ. ಯುದ್ಧದ ಕಾಲದಲ್ಲಿ ಬೆಲ್ಲಕ್ಕೆ ಒಳ್ಳೆಯ ಬೆಲೆ ಬಂದು ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಅವರು ಓದಿದವರಲ್ಲ, ಆದರೆ ಏನನ್ನೂ ತಟ್ಟಿ ನೋಡದೆ ತಂದವರೂ ಅಲ್ಲ. ಮಡಕೆ, ಹಲಸಿನ ಹಣ್ಣು, ತೆಂಗಿನಕಾಯಿ, ಗಾಡಿಚಕ್ರದ ನಡುವಿನ ಗುಂಬ, ಎಲ್ಲವನ್ನೂ ಮಡಿಚಿದ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ‘ಊಂ’ ಎಂದರೆ ಕೊಂಡರು, ‘ಉಹೂಂ’ ಎಂದರೆ ಬಿಟ್ಟರು. ಅವರ ಮಗಳು ತಾಯಮ್ಮನನ್ನು ನನಗೆ ಕೊಡುವುದೆಂದು ನಾನು ಇಂಟರ್ ಮೀಡಿಯೆಟ್ ಪಾಸಾದ ದಿನವೇ ಮಾತಾಗಿತ್ತು.

ಮದುವೆ ಹತ್ತಿರ ಬಂದಾಗ ಮಾವನಿಗೆ ಇದ್ದದ್ದು ಒಂದೇ ಸಂಕಟ: ಮಳವಳ್ಳಿಯ ಷಡ್ಡಕ. ಆತ ತನ್ನ ಮಗನ ಮದುವೆಯಲ್ಲಿ ಗಂಡು ಹೆಣ್ಣನ್ನು ಬಾಡಿಗೆ ಮೋಟಾರು ಕಾರಿನಲ್ಲಿ ಕೂರಿಸಿ ಮಳವಳ್ಳಿಯ ಪೇಟೆಯಲ್ಲಿ ಮೆರವಣಿಗೆ ಮಾಡಿಸಿದ್ದ. ಕಾರು ಮಾವನ ಮುಂದೆ ಬಂದಾಗ ಬೇಕೆಂದೇ ನಿಲ್ಲಿಸಿ, ‘ಭಾವ, ಅತ್ಕಳಿ, ಗಾಡೀಲಿ ಕುಂತು ಕುಂತು ಸೊಂಟ ನೋವಾಗಿರ್ಬೇಕು’ ಎಂದಿದ್ದನಂತೆ. ಆ ಮಾತು ಮಾವನ ಎದೆಯಲ್ಲಿ ಕಾರೆಮುಳ್ಳಾಗಿ ಕೂತಿತ್ತು.

ಒಂದು ಭಾನುವಾರ ಮಾವ ಮನೆಗೆ ಬಂದು, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ‘ಲೇ ಅಳಿಯ, ಇಮಾನ ತಕತೀನಿ ಕಣ್ಲಾ’ ಎಂದರು.

ನಮ್ಮವ್ವ ಒಳಗಿನಿಂದ, ‘ಏನಣ್ಣ, ಎಮ್ಮೆಯಾ?’ ಎಂದು ಕೇಳಿದಳು.

‘ಎಮ್ಮೆ ಅಲ್ಲ ಕಣಮ್ಮಿ, ಇಮಾನ. ಆಕಾಸದಲ್ಲಿ ಓಯ್ತದಲ್ಲ, ಅದು. ಸೋಮನಳ್ಳಿ ತಾವ ನಮ್ಗೆ ಕಬ್ಬಿನ ಗಾಣ ಮಾರ್ತಿದ್ನಲ್ಲ ಬಿಳೀ ದೊರೆ, ಅವ್ನು ಸೀಮೆಗೆ ಒಂಟೋಯ್ತಾವ್ನೆ. ಮೇಜು ಕುರ್ಚಿ ಎಲ್ಲ ಮಾರ್ಬುಟ್ಟ. ಇಮಾನ ಒಂದು ಉಳ್ಕಂಡದೆ. ನಾಕು ಜನ ಕೂರಬೋದು, ಒಂದೇ ಇಂಜಿನ್ನು. ಮುಹೂರ್ತ ಆಯ್ತಲೂವೆ ಗಂಡು ಎಣ್ಣ ಕೂರಿಸ್ಕಂಡು ಮಳವಳ್ಳಿ ಮ್ಯಾಗೆ ಮೂರು ಸುತ್ತು. ಆ ನನ್ಮಗ ಕತ್ತೆತ್ತಿ ನೋಡ್ಬೇಕು, ಕತ್ತು ಉಳ್ಕಬೇಕು!’

ಓಡಿಸುವವರು ಯಾರು ಎಂದೆ. ಮದುವೆಯ ದಿನ ದೊರೆಯೇ ಓಡಿಸುತ್ತಾನಂತೆ, ಆಮೇಲೆ ಯಾರನ್ನಾದರೂ ನೇಮಿಸಿ ಬೆಲ್ಲ ಸಾಗಿಸುವುದಂತೆ. ನಾಲ್ಕು ಜಾಗದ ಲೆಕ್ಕವೂ ಮುಗಿದಿತ್ತು: ದೊರೆ, ನಾನು, ತಾಯಮ್ಮ, ನಾಲ್ಕನೆಯದು ನಮ್ಮವ್ವನಿಗೆ.

‘ನಾನ್ ಬರಾಕಿಲ್ಲಪ್ಪ’ ಎಂದಳು ಅವ್ವ. ‘ಅಷ್ಟು ಮ್ಯಾಲೆ ಓದ್ರೆ ಎಲೆಅಡಿಕೆ ಎಲ್ಲಿಗೆ ಉಗುಳ್ಳಿ? ಕೆಳಗೆ ಜನ ಇರ್ತಾರೆ.’

‘ಮಳವಳ್ಳಿ ಮ್ಯಾಲೆ ಓದಾಗ ಉಗುಳು’ ಎಂದರು ಮಾವ. ಆದರೆ ಅವಳು ಒಪ್ಪಲಿಲ್ಲ. ಕಡೆಗೆ ನಾಲ್ಕನೆಯ ಜಾಗವನ್ನು ಮಾವ ತಾವೇ ಇಟ್ಟುಕೊಂಡರು. ಎದ್ದು ಹೊರಡುವಾಗ ನನ್ನ ಭುಜ ತಟ್ಟಿ, ‘ಇಂಗ್ಲೀಸ್ನಾಗೆ ಏನೋ ಪುಸ್ತಕ ಮಡಗವ್ನೆ, ಅದ್ನ ನೀನು ಓದಿ ಸೈ ಅನ್ಬೇಕು. ನಿನ್ ಮಾತೇ ಮಾತು’ ಎಂದರು.

ನಾನು ಆಗಲೇ ‘ಮಾವ, ನನಗೆ ವಿಮಾನ ಗೊತ್ತಿಲ್ಲ’ ಎಂದಿದ್ದರೆ ಈ ಪ್ರಬಂಧಕ್ಕೆ ವಸ್ತುವೇ ಇರುತ್ತಿರಲಿಲ್ಲ. ‘ಆಗಲಿ, ನೋಡೋಣ’ ಎಂದೆ. ಮಂಡ್ಯಕ್ಕೆ ಹೋದವನೇ ಶಾಲೆಯ ಬೀರುವಿನಲ್ಲಿದ್ದ ಇಂಗ್ಲಿಷ್ ವಿಶ್ವಕೋಶವನ್ನು ತೆಗೆದೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು. ದಾನ ಕೊಟ್ಟದ್ದು ಯಾಕೆಂದು ಆವತ್ತು ತಿಳಿಯಿತು. ಮನುಷ್ಯನು ಮುಂದೊಂದು ದಿನ ಹಾರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಆದರೂ ಎರಡು ಸಲ ಓದಿ, ಟಿಪ್ಪಣಿ ಮಾಡಿಕೊಂಡೆ.

ಸೋಮನಹಳ್ಳಿಗೆ ಹೊರಟವರು ಮೂವರು: ಮಾವ, ನಾನು, ಮದ್ದೂರಿನ ಗಫಾರ್ ಸಾಬರು. ಸಾಬರು ಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಕ್ಕದಾಗ ಇದ್ದಿಲಿನ ಹೊಗೆಯಲ್ಲಿ ಬಸ್ಸು ಓಡಿಸಿದ ಮೆಕ್ಯಾನಿಕ್ಕು. ಮಾವನ ಹೆಗಲ ಮೇಲೆ ಹೊಸ ಹಗ್ಗದ ಒಂದು ಸುರುಳಿ ಇತ್ತು. ನಮ್ಮ ಕಡೆ ಎತ್ತು ಮಾರಿದವನು ತನ್ನ ಹಳೆಯ ಹಗ್ಗ ಕೊಡುವುದಿಲ್ಲ. ಕೊಂಡವನೇ ಹೊಸ ಹಗ್ಗ ತಂದು ಹಾಕಿ ಹೊಡೆದುಕೊಂಡು ಬರಬೇಕು. ‘ಮಾವ, ವಿಮಾನಕ್ಕೆ ಹಗ್ಗ ಯಾಕೆ? ನಗುತ್ತಾರೆ’ ಎಂದೆ. ‘ನಗ್ಲಿ ಬುಡ್ಲಾ, ಸಾಸ್ತ್ರ’ ಎಂದರು.

ಬಯಲಿನ ಅಂಚಿನ ಗರಿಯ ಚಪ್ಪರದಲ್ಲಿ ವಿಮಾನ ನಿಂತಿತ್ತು. ಮಾವ ಅದರ ಸುತ್ತ ಎರಡು ಸುತ್ತು ಬಂದರು. ಮೂತಿ ನೋಡಿದರು, ಕಾಲು ನೋಡಿದರು, ಹಿಂದಕ್ಕೆ ಹೋಗಿ ಬಾಲ ಎತ್ತಲು ನೋಡಿದರು. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ದೊರೆಯ ಮುಂದೆ ನಿಂತು, ನಮ್ಮ ಮಾವ ಹಳ್ಳಿಯವರೆಂದೂ, ಅವರ ನಡವಳಿಕೆಯನ್ನು ಮನ್ನಿಸಬೇಕೆಂದೂ, ನಾನು ಪದವೀಧರನೆಂದೂ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ವಾಕ್ಯ ಹೇಳಿದೆ. ಆ ವಾಕ್ಯವನ್ನು ಬಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ದೊರೆ ಪೈಪು ಬಾಯಿಂದ ತೆಗೆದು, ‘ಇರ್ಲಿ ಬುಡಿ ಮೇಷ್ಟ್ರೇ, ಗೌಡ್ರು ನಂಗೆ ಹಳೇ ಗಿರಾಕಿ’ ಎಂದ. ಇಪ್ಪತ್ತು ವರ್ಷ ನಮ್ಮ ರೈತರಿಗೆ ಗಾಣ ಮಾರಿದವನು! ಅಷ್ಟಾದರೂ ನಾನು ಇಂಗ್ಲಿಷ್ ಬಿಡಲಿಲ್ಲ. ಇಡೀ ಮಧ್ಯಾಹ್ನ ಆ ಬಯಲಿನಲ್ಲಿ ಇಂಗ್ಲಿಷ್ ಮಾತಾಡಿದವನು ನಾನೊಬ್ಬನೇ.

ಆಮೇಲೆ ಪುಸ್ತಕ ಬಂತು. ವಿಮಾನ ಎಷ್ಟು ಗಂಟೆ ಹಾರಿದೆ, ಏನೇನು ರಿಪೇರಿ ಆಗಿದೆ ಎಂದು ಬರೆದಿಟ್ಟ ಪುಸ್ತಕ. ನಾನು ಗಂಟಲು ಸರಿಮಾಡಿಕೊಂಡು ಓದಿದೆ, ಅನುವಾದ ಹೇಳಿದೆ. ಇಂಜಿನ್ನು: ಸರಿ. ಚಕ್ರ: ಸರಿ. ರೆಕ್ಕೆಯ ಮರ: ಗಟ್ಟಿ. ಗಫಾರ್ ಸಾಬರು ಇಂಜಿನ್ನಿನ ಮುಚ್ಚಳ ತೆಗೆದು ಮೂಗಿನಿಂದಲೇ ಎಂಬಂತೆ ಪರೀಕ್ಷಿಸುತ್ತಿದ್ದವರು ತಲೆಯೆತ್ತಿ, ‘ಮೇಷ್ಟ್ರೇ, ಈ ಮರದ್ದು ಯಾವಾಗ ನೋಡಿದ್ದು ಅಂತ ಬರ್ದವ್ರಾ?’ ಎಂದು ಕೇಳಿದರು.

ಬರೆದಿತ್ತು. ತಾರೀಖು ನೋಡಿದರೆ ನಡುವೆ ಎರಡು ಮಳೆಗಾಲ ಕಳೆದಿದ್ದವು. ಅದು ಹೆಚ್ಚೋ ಕಡಿಮೆಯೋ, ಮರದ ರೆಕ್ಕೆಯನ್ನು ವರ್ಷಕ್ಕೊಮ್ಮೆ ನೋಡಬೇಕೋ ಹತ್ತು ವರ್ಷಕ್ಕೊಮ್ಮೆಯೋ, ನನ್ನ ವಿಶ್ವಕೋಶದಲ್ಲಿ ಇರಲಿಲ್ಲ. ಕೇಳೋಣವೆಂದರೆ ದೊರೆ ನನ್ನನ್ನೇ ನೋಡುತ್ತಿದ್ದ, ಮಾವ ನನ್ನನ್ನೇ ನೋಡುತ್ತಿದ್ದರು. ‘ಎಲ್ಲ ಕ್ರಮವಾಗಿದೆ’ ಎಂದುಬಿಟ್ಟೆ. ಎಂಥ ಸುಂದರವಾದ ಮಾತು! ಅದಕ್ಕೆ ಅರ್ಥವೇ ಇಲ್ಲ, ಆದರೆ ಅದನ್ನು ಓದಿದವನು ಮಾತ್ರ ಹೇಳಬಲ್ಲ.

ಮಾವ ಹೆಗಲ ಮೇಲಿನ ಟವೆಲು ತೆಗೆದು ದೊರೆಯ ಕಡೆ ಚಾಚಿದರು. ದನದ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾಡುವ ಪದ್ಧತಿ. ನಾನು ಗಾಬರಿಯಾಗಿ ಕ್ಷಮಾಪಣೆಯ ಇನ್ನೊಂದು ವಾಕ್ಯ ಹುಡುಕುವಷ್ಟರಲ್ಲಿ ದೊರೆ ಅಂಗಿಯ ತೋಳು ಮಡಿಚಿ, ಟವೆಲಿನೊಳಗೆ ಕೈಯಿಟ್ಟು, ‘ಇದು ಬ್ಯಾಡಿ ಗೌಡ್ರೇ, ಇನ್ನೊಂದು ಸೇರ್ಸಿ’ ಎಂದ. ಮಾವ ತಲೆಯಾಡಿಸಿದರು. ಅವನು ನಕ್ಕ. ಇವರು ಮೀಸೆ ಒರೆಸಿಕೊಂಡರು. ಟವೆಲು ಕುಣಿಯಿತು, ನಿಂತಿತು. ‘ಆಯ್ತು’ ಎಂದರು ಇಬ್ಬರೂ. ಎಷ್ಟಕ್ಕೆ ಆಯಿತು ಎಂದು ನನಗೆ ಇವತ್ತಿಗೂ ತಿಳಿಯದು. ಆ ಬೆರಳಿನ ಲೆಕ್ಕವನ್ನು ಹುಡುಗನಾಗಿದ್ದಾಗ ಅಪ್ಪ ಕಲಿಸಲು ಬಂದರೆ, ಪರೀಕ್ಷೆಗೆ ಓದಬೇಕು ಎಂದು ಎದ್ದುಹೋದವನು ನಾನು.

ಮಾವ ಹೊಸ ಹಗ್ಗ ಬಿಚ್ಚಿದರು. ಹಗ್ಗ ಬಿಗಿದು ಮುಂಗಡ ಕೊಟ್ಟರೆ ವ್ಯಾಪಾರ ಮುಗಿದಂತೆ, ಮಾತು ಹಿಂದಕ್ಕಿಲ್ಲ. ದೊರೆ ಮೆಚ್ಚಿ, ಗಾಳಿ ಬಂದಾಗ ಇದನ್ನು ಕಟ್ಟಿಹಾಕಲೇಬೇಕು, ಒಳ್ಳೆಯ ಹಗ್ಗ ತಂದಿರಿ ಎಂದ. ನಾನು ಆ ಕಡೆಗೆ ಮುಖ ಮಾಡಲಿಲ್ಲ. ಹಗ್ಗ ಹಿಡಿದುಕೊಂಡೇ ಮಾವ ನನ್ನ ಹತ್ತಿರ ಬಂದರು. ದನಿ ತಗ್ಗಿಸಿ, ‘ಏನ್ಲಾ ಅಳಿಯ, ತಾಯಮ್ಮನ್ನ ಕೂರ್ಸಬೋದಾ?’ ಎಂದು ಕೇಳಿದರು.

ಅವರು ನನ್ನನ್ನು ಮೊದಲ ಸಲ ಪ್ರಶ್ನೆಯ ಹಾಗೆ ಪ್ರಶ್ನೆ ಕೇಳಿದ್ದು ಅದೇ. ಒಬ್ಬಳೇ ಮಗಳು. ನನ್ನ ಕಣ್ಣಿಗೆ ಆ ತಾರೀಖು ಬಂತು, ಎರಡು ಮಳೆಗಾಲ ಬಂದವು, ಆಕಾಶದಲ್ಲಿ ತಾಯಮ್ಮ ಬಂದಳು, ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಬೆವರುತ್ತಿರುವ ನಾನೂ ಬಂದೆ. ಬಾಯಿ ತೆರೆದೆ. ‘ಗೊತ್ತಿಲ್ಲ’ ಎಂಬ ಮಾತು ಹಲ್ಲಿನವರೆಗೆ ಬಂತು.

‘ಕೂರಿಸಬಹುದು ಮಾವ’ ಎಂದೆ.

ಮಾವ ‘ಊಂ’ ಎನ್ನಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿ, ಹಗ್ಗವನ್ನು ಸಾಬರ ಕೈಗೆ ಕೊಟ್ಟು, ರೆಕ್ಕೆಯ ಕೆಳಗೆ ಹೋಗಿ ನಿಂತರು. ಮಡಿಚಿದ ಬೆರಳಿನಿಂದ ತುದಿಯಿಂದ ತಟ್ಟುತ್ತಾ ಬಂದರು. ಟಣ್, ಟಣ್, ಟಣ್. ‘ಬಟ್ಟೆ ಒದ್ಸವ್ರೆ, ಒಳಗೆ ಮರ’ ಎಂದುಕೊಂಡರು. ಟಣ್, ಟಣ್. ರೆಕ್ಕೆ ಮೈಗೆ ಸೇರುವ ಜಾಗಕ್ಕೆ ಬಂದಾಗ ಶಬ್ದ ಬದಲಾಯಿತು. ದೊಬ್. ಮಾವ ಕಿವಿಯಿಟ್ಟು ಇನ್ನೊಮ್ಮೆ ತಟ್ಟಿದರು. ದೊಬ್.

‘ಉಹೂಂ’ ಎಂದರು ಮಾವ.

ಸಾಬರು ದೊರೆಯ ಅಪ್ಪಣೆ ಕೇಳಿ ಚಾಕುವಿನಿಂದ ಬಟ್ಟೆಯನ್ನು ಒಂದಂಗುಲ ಬಿಡಿಸಿ ಹೆಬ್ಬೆರಳು ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಹೊರಗೆ ತೆಗೆದಾಗ ಅದರ ಹಿಂದೆ ಮಣ್ಣು, ಹೊಟ್ಟು, ನಾಲ್ಕಾರು ಗೆದ್ದಲುಹುಳ ಉದುರಿದವು. ದೊರೆಯ ಬಿಳೀ ಮುಖ ಇನ್ನೂ ಬಿಳಿಯಾಯಿತು. ‘ಹೋದ ತಿಂಗಳು ಇದರಲ್ಲೇ ಬೆಂಗಳೂರಿಗೆ ಹೋಗಿ ಬಂದೆ’ ಎಂದು ಮೆಲ್ಲಗೆ ಹೇಳಿ, ಅಲ್ಲೇ ಇದ್ದ ಡಬ್ಬದ ಮೇಲೆ ಕುಳಿತ. ಆಮೇಲೆ ಎದ್ದು ಬಂದು ಮಾವನ ಎರಡು ಕೈಯನ್ನೂ ಹಿಡಿದುಕೊಂಡ, ಟವೆಲು ಇಲ್ಲದೆ. ಪುಸ್ತಕ ಇನ್ನೂ ನನ್ನ ಕೈಯಲ್ಲಿ ತೆರೆದೇ ಇತ್ತು; ರೆಕ್ಕೆಯ ಮರ ಗಟ್ಟಿ ಎಂದು ಬಹಳ ಚೆನ್ನಾದ ಅಕ್ಷರದಲ್ಲಿ ಬರೆದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ತಾರೀಖಿನ ವಿಷಯ ಒಪ್ಪಿಕೊಂಡೆ. ‘ನನಗೆ ಅನುಮಾನ ಬಂದಿತ್ತು ಮಾವ. ಹೇಳಲಿಲ್ಲ.’

‘ಗೊತ್ತು’ ಎಂದರು ಮಾವ. ‘ಕೂರಿಸ್ಬೌದು ಅಂದ್ಯಲ್ಲ, ಆಗ ನಿನ್ ದನಿ ದೊಬ್ ಅಂತು. ಅದ್ಕೇ ರೆಕ್ಕೆ ತಟ್ಟಿದ್ದು.’

ಗಫಾರ್ ಸಾಬರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕಬ್ಬಿನ ಗದ್ದೆ ನೋಡಿದರು. ಅವರ ಭುಜ ಮಾತ್ರ ಅಲುಗುತ್ತಿತ್ತು.

ಮದುವೆಯ ಮೆರವಣಿಗೆ ಎತ್ತಿನ ಗಾಡಿಯಲ್ಲೇ ಆಯಿತು. ವಿಮಾನಕ್ಕೆಂದು ತಂದ ಹೊಸ ಹಗ್ಗವನ್ನೇ ಮಾವ ಎತ್ತುಗಳಿಗೆ ಹಾಕಿದ್ದರು. ಮಳವಳ್ಳಿಯ ಷಡ್ಡಕ ಬಂದು, ‘ಏನ್ ಭಾವ, ಇಮಾನ ಬತ್ತದೆ ಅಂದ್ರು?’ ಎಂದು ಎಲ್ಲರೆದುರಿಗೆ ಕೇಳಿದ. ಮಾವ, ‘ಬಂದಿತ್ತು ಕಣಪ್ಪ, ತಟ್ ನೋಡ್ದೆ, ಸರಿ ಇರ್ನಿಲ್ಲ, ಬ್ಯಾಡ ಅಂದೆ’ ಎಂದರು. ವಿಮಾನವನ್ನು ಕೊಂಡವನಿಗಿಂತ ಬೇಡವೆಂದವನು ದೊಡ್ಡವನೆಂದು ಆ ಚಪ್ಪರದಲ್ಲಿ ಎಲ್ಲರಿಗೂ ಅನ್ನಿಸಿತು. ಷಡ್ಡಕ ಹೋಗಿ ಪಂಕ್ತಿಯಲ್ಲಿ ಕೂತ.

ಈಗ ಮಂಡ್ಯದಲ್ಲಿ ನಮ್ಮ ಸಂಸಾರ. ಗೋಡೆಯ ಮೇಲೆ ನನ್ನ ಪದವಿಯ ಕಾಗದ, ಕಟ್ಟು ಹಾಕಿಸಿದ್ದು. ಬುದ್ಧಿ ಬಂದಿದೆ ಎಂದುಕೊಂಡಿದ್ದೆ. ಮೊನ್ನೆ ಪಕ್ಕದ ಮನೆಯವರು ಹಳೆಯ ರೇಡಿಯೋ ಒಂದನ್ನು ಹೊತ್ತುಕೊಂಡು ಬಂದು, ‘ಮೇಷ್ಟ್ರೇ, ಕೊಳ್ಳಬಹುದಾ?’ ಎಂದರು. ನಾನು ಅದನ್ನು ತಿರುಗಿಸಿ, ಹಿಂದಿದ್ದ ಇಂಗ್ಲಿಷ್ ಚೀಟಿ ಓದಿ, ‘ಎಲ್ಲ ಕ್ರಮವಾಗಿದೆ’ ಎಂದೆ. ಅವರು ಸಂತೋಷವಾಗಿ ಹೋದರು. ತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಗೋಡೆಯ ಮೇಲಿನ ಕಾಗದವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

‘ನಮ್ಮಪ್ಪ ಇಮಾನವ ತಟ್ ನೋಡ್ದ’ ಎಂದಳು. ‘ಅಳಿಯನ್ನ ಮಾತ್ರ ಕಾಗ್ದ ನೋಡಿ ಒಪ್ಕಬುಟ್ಟ.’

ಅವಳು ಅಡುಗೆಮನೆಗೆ ಹೋಗುವವರೆಗೂ ಗಾಂಭೀರ್ಯದಿಂದ ಪತ್ರಿಕೆ ಓದಿದೆ. ಆಮೇಲೆ ಸುತ್ತ ಯಾರೂ ಇಲ್ಲದ್ದನ್ನು ಖಚಿತ ಮಾಡಿಕೊಂಡು, ಬೆರಳು ಮಡಿಚಿ ನನ್ನ ತಲೆಯನ್ನು ನಾನೇ ಎರಡು ಸಲ ತಟ್ಟಿ ಕಿವಿಗೊಟ್ಟೆ. ಶಬ್ದವೇನೋ ಬಂತು. ಅದು ಟಣ್ ಎಂದಿತೋ ದೊಬ್ ಎಂದಿತೋ, ನಿಜ ಹೇಳುತ್ತೇನೆ, ನನಗೆ ಗೊತ್ತಿಲ್ಲ.