ದೈವಾನೈಯ ಕಾಲಿಗೆ ಕಟ್ಟಿದ ಅಣೆ

"ನನ್ನ ಗದ್ದೆಗೆ ನಾನೇ ಇಳಿಯೋಳು! ಮೊದಲ ಹಿಡಿ ಪೈರೂ ನಂದೇ, ಕಡೇ ಹಿಡಿ ಪೈರೂ ನಂದೇ! ನಡುವೆ ಏರಿ ಹತ್ತಿದರೆ ನನ್ನ ಹೆಸರು ದೈವಾನೈ ಅಲ್ಲ!"

ಹತ್ತು ಜನರ ಮುಂದೆ ಎದೆ ತಟ್ಟಿಕೊಂಡು ಹೀಗೆ ಹೇಳಿದಾಗ ದೈವಾನೈ ಎರಡು ಕಾಲ ಮೇಲೆ ನಿಂತಿದ್ದಳು, ಅದು ನಿಜ. ಎಷ್ಟು ಹೊತ್ತು ನಿಂತಿದ್ದಳು ಎಂದು ಮಾತ್ರ ಕೇಳಬಾರದು. ಮಾತು ಮುಗಿದದ್ದೇ ತಡ, ಜಗಲಿಯ ಮೇಲೆ ಧೊಪ್ಪನೆ ಕುಸಿದು ಎಡಗಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು.

ಅವಳ ಗಂಡ ಕಾಳಿಯಪ್ಪನ್ ಸತ್ತು ಎಂಟು ತಿಂಗಳಾಗಿತ್ತು. ಬೆಟ್ಟದ ಮೇಲೆ ಬಿಳಿಯರು ಕಟ್ಟುತ್ತಿದ್ದ ಅಣೆಗೆ ಗಾಡಿಯಲ್ಲಿ ಸುಣ್ಣ ಹೊತ್ತು ಹೋದವನು ಜ್ವರ ಹೊತ್ತು ಇಳಿದ. ಮೂರೇ ದಿನ. ಆಮೇಲೆ ಆ ಅಣೆಯ ನೀರು ಕಂಬಂ ಕಣಿವೆಗೆ ಬಂತು, ಅವನ ಗದ್ದೆಗೂ ಬಂತು. ಅವನಿರಲಿಲ್ಲ.

ಆ ಮನೆತನದಲ್ಲಿ ಒಂದು ಕಟ್ಟಲೆ. ಗದ್ದೆ ಯಾರದೋ ಅವರು ನಾಟಿಯ ದಿನ ಕೆಸರಿಗಿಳಿದು ಮೊದಲ ಹಿಡಿ ನೆಡಬೇಕು. ಕಡೆಯ ಹಿಡಿ ನೆಡುವ ತನಕ ಗದ್ದೆಯಂಚಿನ ಏರಿ ಹತ್ತಬಾರದು. ಹತ್ತಿದರೆ ಉಳುಮೆ ಮನೆಯ ಮುಂದಿನ ಗಂಡಸಿನ ಕೈಗೆ. ಮುಂದಿನ ಗಂಡಸು ಅಂದರೆ ಮೈದುನ ಮೂಕಯ್ಯ. ಹೆಸರು ಮೂಕಯ್ಯ, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

"ಅಣ್ಣಿ, ನಿನ್ನ ಕಾಲಿಗೆ ಜಗಲಿ ಇಳಿಯಕ್ಕೇ ಆಯ್ತಿಲ್ಲ. ಕೆಸರಲ್ಲಿ ಹೆಂಗೆ ನಿಲ್ತೀಯ? ಶುಮ್ಮ ಕೊಟ್ಬಿಡು, ನಾನು ನೋಡ್ಕೊತೀನಿ," ಎಂದ ಅತ್ತಿಗೆಗೆ.

"ನೀನು ನೋಡ್ಕೊಳ್ಳೋದು ನಾನು ಕಾಣೆನಾ? ನಿನ್ನ ಎತ್ತನ್ನ ನೋಡಿದರೇ ಗೊತ್ತಾಯ್ತದೆ, ಪಾವಂ, ಬರೀ ಎಲುಬು!"

ಆದರೆ ಕಾಲಿನ ಮಾತು ಸುಳ್ಳಲ್ಲ. ಎಡಗಾಲಿನ ಮೊಣಕಾಲಿಂದ ಹರಡಿನ ತನಕ ನರಗಳು ಬಾವಿಹಗ್ಗದ ಹಾಗೆ ಸುತ್ತಿಕೊಂಡು ಎದ್ದಿದ್ದವು. ಸಂಜೆಯಾದರೆ ಪಾದ ಭಾರ. ಹರಡಿನ ಸುತ್ತ ಚರ್ಮ ಕಪ್ಪಾಗಿ, ನವೆಯೋ ನವೆ! ನಾಟಿಗೆ ನಾಲ್ಕು ದಿನ ಉಳಿದಾಗ ದೈವಾನೈ ಗಾಡಿ ಹತ್ತಿ ದವಾಖಾನೆಗೆ ಹೋದಳು.

ಅಲ್ಲಿ ಗಾಯ ಕಟ್ಟುವ ಡ್ರೆಸರ್ ತಂಗರಾಜ್ ಕೋಟು ಹಾಕಿಕೊಂಡು ಕೂತಿದ್ದ. ಮೊದಲು ನಿಲ್ಲಿಸಿ ನೋಡಿದ. ಹರಡಿನ ಹತ್ತಿರ ಬೆರಳಿಂದ ಒತ್ತಿದ. ಗುಳಿ ಬಿತ್ತು. ಆಮೇಲೆ ಬೆಂಚಿನ ಮೇಲೆ ಮಲಗಿಸಿ ಕಾಲನ್ನು ಆಕಾಶಕ್ಕೆ ಎತ್ತಿದ. ಏನಾಶ್ಚರ್ಯ! ಹಗ್ಗಗಳೆಲ್ಲ ಮಾಯ! ಕಾಲು ಹದಿನೆಂಟರ ಹುಡುಗಿಯ ಕಾಲು!

"ವಾಸಿ ಆಯ್ತು! ನಾನು ಹೊರಡಲಾ?" ಎಂದಳು ದೈವಾನೈ.

"ಇರಮ್ಮಾ, ಶುರುವೇ ಆಗಿಲ್ಲ."

ತೊಡೆಯ ಮೇಲೆ ರಬ್ಬರ್ ಪಟ್ಟಿ ಬಿಗಿದು ಅವಳನ್ನು ನಿಲ್ಲಿಸಿದ. ನರಗಳು ಏಳಲಿಲ್ಲ. ಪಟ್ಟಿ ಬಿಚ್ಚಿದ. ಮೇಲಿಂದ ಕೆಳಕ್ಕೆ ಸರ್ರನೆ ತುಂಬಿಕೊಂಡವು.

"ಕಂಡೆಯಾ? ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು. ಹತ್ತಿದ್ದು ಇಳಿಯದ ಹಾಗೆ ನರದೊಳಗೆ ಸಣ್ಣಸಣ್ಣ ಕದ ಇರ್ತವೆ. ನಿನ್ನ ಕದ ಕೆಟ್ಟಿವೆ. ಮೇಲಿನ ರಕ್ತ ಕೆಳಗೆ ಸೋರ್ತದೆ."

"ಕಾಲುವೆ ಮಡೆ ಬಾಗಿಲು ಸೋರಿದ ಹಂಗೆ?"

"ಆಮಾ, ಹಾಗೇ!" ತಂಗರಾಜನಿಗೆ ಸಂತೋಷವಾಯಿತು. ಒಂದು ಸುರುಳಿ ಬಟ್ಟೆ ಕೊಟ್ಟು ಮೂರು ಮಾತು ಹೇಳಿದ. "ಬೆಳಗ್ಗೆ ಏಳೋ ಮುಂಚೆ ಇದನ್ನ ಕಾಲ್ಬೆರಳ ಬುಡದಿಂದ ಶುರು ಮಾಡಿ ಮೊಣಕಾಲ ತನಕ ಸುತ್ತು. ಕೆಳಗೆ ಬಿಗಿ, ಮೇಲೆ ಸಡಿಲ. ದಿನಾ ಕಾಲನ್ನ ಎದೆಗಿಂತ ಎತ್ತರಕ್ಕಿಟ್ಟು ಮಲಗು. ಎಲ್ಲಾದರೂ ನರ ಒಡೆದು ರಕ್ತ ಬಂದರೆ ಓಡಬೇಡ, ಅಲ್ಲೇ ಮಲಗು, ಕಾಲೆತ್ತು, ಬೆರಳಿಂದ ಒತ್ತಿ ಹಿಡಿ."

ದೈವಾನೈ ತಲೆಯಾಡಿಸಿದಳು. ಆದರೆ ಕಾಲ್ಬೆರಳು ಎಂದದ್ದೇ ಅವಳ ಕಿವಿ ಮುಚ್ಚಿಹೋಗಿತ್ತು. ಕಾಲ್ಬೆರಳಿಗೆ ಬಟ್ಟೆ ಕಟ್ಟುವುದು ಹೆಣಕ್ಕೆ. ಎಂಟು ತಿಂಗಳ ಹಿಂದೆ ಆ ಗಂಟನ್ನು ಅವಳು ಹತ್ತಿರದಿಂದ ನೋಡಿದ್ದಳು. ಜೀವ ಇರುವ ತನಕ ತನ್ನ ಬೆರಳಿಗೆ ಅದು ಬೇಡ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಬದಲಿಗೆ ಅತ್ತೆ ಅಳಗಮ್ಮಾಳ್ ಮುಂದೆ ದೊಡ್ಡ ವಿದ್ವತ್ತು ಬಿಚ್ಚಿದಳು.

"ಆ ಕೋಟಿನವನಿಗೆ ನೀರಿನ ವಿಷಯ ಏನು ಗೊತ್ತು, ಅತ್ತೆ? ನಾವು ಒಕ್ಕಲು ಮಕ್ಕಳು! ನೀರು ಮೇಲಿಂದ ಬತ್ತದೆ ಅಂದ ಮೇಲೆ ಅಣೆ ಎಲ್ಲಿ ಕಟ್ಟಬೇಕು? ಮೇಲೆ! ಬೆಟ್ಟದ ತುದೀಲಿ! ಯಾವನಾದರೂ ಬಯಲಿಂದ ಕಟ್ಟಿಕೊಂಡು ಹೋಯ್ತಾನಾ?"

"ಅವನು ಹೇಳಿದ್ದು ಬೆರಳಿಂದ ಅಂತ ಗಾಡಿಯವನು ಹೇಳಿದ."

"ಗಾಡಿಯವನಿಗೇನು ಕೆಲಸ ನನ್ನ ಬೆರಳಲ್ಲಿ!"

ಮೊಣಕಾಲ ಕೆಳಗೆ ಎರಡು ಗಂಟು ಹಾಕಿ, ಹಲ್ಲು ಕಚ್ಚಿ ಬಿಗಿದಳು. ಅಲ್ಲಿಂದ ಕೆಳಕ್ಕೆ ಸಡಿಲವಾಗಿ ಸುತ್ತುತ್ತ ಹರಡಿನ ಮೇಲೆ ನಿಲ್ಲಿಸಿದಳು. ಬೆಟ್ಟದ ಅಣೆಗೆ ಏಳೆಂಟು ವರುಷ ಹಿಡಿಯಿತು. ದೈವಾನೈಯ ಅಣೆ ಅರ್ಧ ಗಳಿಗೆಯಲ್ಲಿ ಮುಗಿಯಿತು!

ಇನ್ನು ಕಾಲೆತ್ತಿ ಮಲಗುವುದು. ಇದೇನು ಮಹಾ, ಭತ್ತದ ಮೂಟೆ ಮೇಲೆ ಕಾಲಿಟ್ಟರಾಯಿತು ಎಂದುಕೊಂಡಳು. ಭತ್ತಕ್ಕೆ ಕಾಲೇ! ಲಕ್ಷ್ಮಿ! ಮೂಟೆ ಬಿಟ್ಟು ತಿರುವಿ ಹಾಕಿದ ಒರಳು ತಂದಳು. ಮೂಡಣಕ್ಕೆ ಕಾಲು ಚಾಚಿದರೆ ದೇವರ ಮಾಡ. ತಿರುಗಿದಳು. ಪಡುವಣಕ್ಕೆ ಬಾಗಿಲು, ಬಾಗಿಲಿಗೆ ಕಾಲು ಮಾಡಿ ಮಲಗಿಸುವುದು ಯಾರನ್ನೆಂದು ಎಲ್ಲರಿಗೂ ಗೊತ್ತು. ತಿರುಗಿದಳು. ತೆಂಕಣಕ್ಕೆ ಕಾಲು ಮಾಡಿದರೆ ತಲೆ ಬಡಗಣಕ್ಕೆ, ಅದೂ ಸಾವಿನ ಲೆಕ್ಕವೇ. ಅಲ್ಲದೆ ಆ ಗೋಡೆಯ ಗೂಟದಲ್ಲಿ ಕಾಳಿಯಪ್ಪನ ರುಮಾಲು ಇನ್ನೂ ತೂಗುತ್ತಿತ್ತು. ಆ ಕಡೆ ಅವಳು ನೋಡಲಿಲ್ಲ. ತಿರುಗಿದಳು. ಉಳಿದದ್ದು ಒಂದೇ ಗೋಡೆ. ಅಲ್ಲಿ ಅತ್ತೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

"ನನ್ನ ಮೂತಿಗೇ ಕಾಲಾ?"

"ವೈದ್ಯ ಹೇಳಿದ್ದು, ಅತ್ತೆ!"

"ವೈದ್ಯ ನನ್ನ ಮೂತಿ ತೋರಿಸಿಕೊಟ್ಟನಾ?"

ಕೊಟ್ಟಿಗೆಗೆ ಹೋದಳು. ಅಲ್ಲಿದ್ದದ್ದು ದೇವರಿಗೆ ಬಿಟ್ಟ ಹೋರಿ. ಅದು ಕಣ್ಣು ಬಿಟ್ಟು ನೋಡಿತು. ದೈವಾನೈ ಕೈಮುಗಿದು ಹೊರಗೆ ಬಂದಳು. ಕೊನೆಗೆ ಕಾಲಿಗೆ ವಿಶ್ರಾಂತಿ ಕೊಡಲು ಜಾಗ ಸಿಗದೆ ದಿನವಿಡೀ ನಿಂತುಕೊಂಡೇ ಇದ್ದಳು!

ನಾಟಿಯ ದಿನ ಬಂತು. ಅಷ್ಟು ಹೊತ್ತಿಗೆ ಅಣೆಯ ಕೆಳಗಿನ ಪಾದ ಬಲಿತ ಸೋರೆಕಾಯಿಯಾಗಿತ್ತು. ಹರಡಿನ ಕಪ್ಪು ಚರ್ಮ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ. ದೈವಾನೈ ಸೀರೆಯನ್ನು ಆದಷ್ಟು ಇಳಿಬಿಟ್ಟು ಕೆಸರಿಗಿಳಿದಳು. ಮೊದಲ ಹಿಡಿ ನೆಟ್ಟಳು. ನಾಟಿಯ ಹೆಂಗಸರ ಮೇಳಗಾತಿ ಕರುಪ್ಪಾಯಿ ನಾಲಗೆ ಹೊರಳಿಸಿ ಕುಲವೆ ಹಾಕಿದಳು. ಏರಿಯ ಮೇಲೆ ಮೂಕಯ್ಯ ಕೊಡೆ ಹಿಡಿದು, ಪರರ ಮದುವೆಗೆ ಬಂದವನ ಹಾಗೆ ನಿಂತಿದ್ದ.

ಐದನೆಯ ಸಾಲಿನಲ್ಲಿ ಎಡಗಾಲು ಕೆಸರಲ್ಲಿ ಕಚ್ಚಿಕೊಂಡಿತು. ಎಳೆದಳು. ಬರಲಿಲ್ಲ. ಉಸಿರು ಕಟ್ಟಿ ಎಳೆದಳು. ಕಾಲು ಬಂತು. ಹರಡಿನ ಹತ್ತಿರ ಏನೋ ಬೆಚ್ಚಗಾಯಿತು.

"ಅಕ್ಕಾ, ನೀರು ಯಾಕೆ ಕೆಂಪು?" ಎಂದಳು ಕರುಪ್ಪಾಯಿ.

ಅಣೆ ಒಡೆದಿತ್ತು! ಆದರೆ ಕಟ್ಟಿದ ಜಾಗದಲ್ಲಲ್ಲ, ಒಂದು ಮೊಳ ಕೆಳಗೆ!

ದೈವಾನೈಗೆ ತಂಗರಾಜನ ಮಾತು ನೆನಪಾಯಿತು. ಓಡಬೇಡ, ಅಲ್ಲೇ ಮಲಗು. ಮಲಗಿದಳು. ನಡುಗದ್ದೆಯಲ್ಲಿ, ಕೆಸರಲ್ಲಿ, ಅಂಗಾತ!

"ಕಾಲು ಮೇಲೆತ್ರೋ! ಒತ್ತಿ ಹಿಡೀರೋ!"

ಏರಿಯ ಮೇಲೆ ಪೈರಿನ ಕಟ್ಟು ಕೊಯ್ಯುತ್ತಿದ್ದ ಅಳಗಮ್ಮಾಳ್ ಕುಡುಗೋಲು ಹಿಡಿದೇ ಕೆಸರಿಗೆ ಹಾರಿದಳು. ಮೊಣಕಾಲ ಗಂಟನ್ನು ಕಚಕ್ಕನೆ ಕೊಯ್ದಳು. ಮೂಕಯ್ಯನೂ ಕೊಡೆ ಎಸೆದು ಓಡಿಬಂದ. ಅವನೂ ಹೆದರಿದ್ದ, ಸುಳ್ಳು ಹೇಳಬಾರದು.

"ಬಾ ಅಣ್ಣಿ, ಎತ್ಕೊಂಡು ಹೋಗಿ ಏರಿ ಮೇಲೆ ಮಲಗಿಸ್ತೀನಿ. ಅಲ್ಲಿ ನೆರಳದೆ."

"ಏರಿಗಾ? ನನ್ನನ್ನಾ?" ದೈವಾನೈ ಮಲಗಿದಲ್ಲಿಂದಲೇ ಗುಡುಗಿದಳು. "ಉಸಿರು ಹೋದರೂ ಇಲ್ಲೇ! ಕಾಲು ಹಿಡಿ!"

"ನಾನಾ? ನಿನ್ನ ಕಾಲಾ?"

"ಹಿಡಿಯೋ!" ಎಂದಳು ಅಳಗಮ್ಮಾಳ್. "ಹೆಂಗಸರು ಹಿಡಿದರೆ ನಾಟಿ ನಿಲ್ತದೆ. ಇಲ್ಲಿ ಕೆಲಸ ಇಲ್ಲದೋನು ನೀನೊಬ್ಬನೇ."

ಮೂಕಯ್ಯ ಅತ್ತಿಗೆಯ ಹಿಮ್ಮಡಿಯನ್ನು ಹೆಗಲ ಮೇಲಿಟ್ಟು, ಹೆಬ್ಬೆರಳಿಂದ ಒಡೆದ ಜಾಗ ಒತ್ತಿ ಸೊಂಟ ಬಗ್ಗಿಸಿ ನಿಂತ. ಸ್ವಲ್ಪ ಹೊತ್ತಿಗೆ ರಕ್ತ ಕಟ್ಟಿತು.

"ನಿಂತಂಗದೆ. ಬಿಡಲಾ?"

"ಬಿಟ್ಟರೆ ಬತ್ತದೆ!"

"ಸೊಂಟ ಹೋಯ್ತು, ಅಣ್ಣಿ."

"ನನ್ನ ಜೀವಕ್ಕಿಂತ ನಿನ್ನ ಸೊಂಟ ದೊಡ್ಡದಾ? ಕರುಪ್ಪಾಯಿ, ಆ ಸಾಲು ಸೊಟ್ಟ!"

"ಮಲಗಿದೋಳಿಗೆ ಲೋಕವೇ ಸೊಟ್ಟ ಕಾಣ್ತದೆ, ಅಕ್ಕಾ!"

ಹೀಗೆ ಬಿಸಿಲು ನೆತ್ತಿಗೇರಿತು, ಇಳಿಯಿತು. ಸುತ್ತ ಹಸಿರು ತುಂಬುತ್ತ ಬಂತು. ನಡುವೆ ಕಂಬದ ಹಾಗೆ ಮೂಕಯ್ಯ. ಕಂಬಕ್ಕೆ ಕಾಲು ಆನಿಸಿದ ದೈವಾನೈ. ಕಡೆಯ ಹಿಡಿಯನ್ನು ಕರುಪ್ಪಾಯಿ ತಂದು ಅವಳ ಕೈಗಿಟ್ಟಳು. ದೈವಾನೈ ಅದನ್ನು ತನ್ನ ಕಿವಿಯ ಪಕ್ಕದಲ್ಲೇ ಕೆಸರಿಗೆ ಚುಚ್ಚಿದಳು. ಹೆಂಗಸರೆಲ್ಲ ಕುಲವೆ ಹಾಕಿದರು. ನಗುತ್ತಿದ್ದುದರಿಂದ ಅದು ಸರಿಯಾಗಿ ಬರಲಿಲ್ಲ.

ಆಗ ಅಳಗಮ್ಮಾಳ್ ಉಳಿದ ಬಟ್ಟೆ ತೊಳೆದು ತಂದು, ಕಾಲ್ಬೆರಳ ಬುಡಕ್ಕೆ ಮೊದಲ ಸುತ್ತು ಹಾಕಿದಳು.

"ಬೆರಳಿಗೆ ಬೇಡ, ಅತ್ತೆ! ಅದು..." ದೈವಾನೈ ಪಾದ ಹಿಂದಕ್ಕೆ ಎಳೆದುಕೊಂಡಳು.

ಮುದುಕಿ ಕೈ ನಿಲ್ಲಿಸಿದಳು. "ನನ್ನ ಮಗನಿಗೆ ಕಟ್ಟಿದಾಗ ನಾನೂ ಅಲ್ಲೇ ಇದ್ದೆ, ಕಣೇ. ಅದು ಎರಡು ಕಾಲೂ ಸೇರಿಸಿ ಕಟ್ಟೋದು. ಇದು ಒಂದು ಕಾಲು. ಒಂದು, ಎರಡು ಅಂತ ಎಣಿಸಕ್ಕೂ ಬರದಾ ನಿನಗೆ?"

ದೈವಾನೈ ಕಣ್ಣೊರೆಸಿಕೊಂಡಳು. ಕೈಯ ಕೆಸರೆಲ್ಲ ಮುಖಕ್ಕೆ ಬಂತು. ಬೆರಳಿಂದ ಮೊಣಕಾಲ ತನಕ ಕಟ್ಟಿಸಿಕೊಂಡು ಎದ್ದಳು. ಕಾಲು ಹಗುರಾಗಿತ್ತು!

ಮಾರನೆಯ ದಿನ ಮೂಕಯ್ಯ ಹಿರಿಯರ ಹತ್ತಿರ ದೂರು ಒಯ್ದ. ಅತ್ತಿಗೆ ನಿಲ್ಲಲಿಲ್ಲ, ಮಲಗಿದ್ದಳು ಎಂದ.

"ಏರಿ ಹತ್ತಿದಳಾ?" ಎಂದು ಹಿರಿಯರು ಕೇಳಿದರು.

"ಇಲ್ಲ."

"ಚೆನ್ನಾಗಿ ಗೊತ್ತಾ?"

"ಗೊತ್ತಿಲ್ದೆ ಏನು? ಅವಳ ಕಾಲು ನನ್ನ ಹೆಗಲ ಮೇಲಿತ್ತು!"

ಅಲ್ಲಿಗೆ ತೀರ್ಮಾನ ಮುಗಿಯಿತು. ಗದ್ದೆ ದೈವಾನೈಯದೇ.

ಎರಡು ವಾರ ಅವಳು ಊರೆಲ್ಲ ತಲೆಯೆತ್ತಿಕೊಂಡು ಓಡಾಡಿದಳು. ಆಮೇಲೆ ಪೈರು ಬೇರು ಹಿಡಿದು ಎದ್ದಿತು. ಅವಳು ಮಲಗಿದ್ದ ಜಾಗದಲ್ಲಿ ಮಾತ್ರ ಯಾರೂ ನೆಟ್ಟಿರಲಿಲ್ಲ. ಸಸಿ ಮಡಿಯಲ್ಲಿ ಪೈರೂ ಉಳಿದಿರಲಿಲ್ಲ. ಸುತ್ತ ಹಸಿರು, ನಟ್ಟನಡುವೆ ಎರಡು ಕೈ, ಒಂದು ಕಾಲು ಸಮೇತ ಹೆಂಗಸಿನ ಆಕಾರದ ಬಯಲು! ಬೋಡಿನಾಯಕನೂರಿಗೆ ಏಲಕ್ಕಿ ಹೊರುವ ಗಾಡಿಗಳೆಲ್ಲ ಅಲ್ಲಿ ನಿಂತು ನೋಡಿಕೊಂಡು ಮುಂದೆ ಹೋಗತೊಡಗಿದವು. ದೈವಾನೈಯೂ ಒಂದು ಬೆಳಗ್ಗೆ ಅತ್ತೆಯೊಂದಿಗೆ ಏರಿಯ ಮೇಲೆ ನಿಂತು ನೋಡಿದಳು.

"ಅತ್ತೆ, ನಾನು ಇಷ್ಟು ಅಗಲ ಇದೀನಾ? ಪಕ್ಕದಲ್ಲಿ ಮೂಕಯ್ಯನೂ ನಿಂತಿದ್ದನಲ್ಲ, ಅವನದೂ ಸೇರಿರಬೇಕು."

"ಇಲ್ಲಮ್ಮಾ," ಎಂದಳು ಅಳಗಮ್ಮಾಳ್. "ಅಗಲ ಎಲ್ಲಾ ನಿಂದೇ. ಆ ಕಾಲ ಹತ್ತಿರ ಎರಡು ಗುಳಿ ಕಾಣ್ತದಲ್ಲ, ಮೂಕಯ್ಯನಿಗೆ ಈ ಗದ್ದೇಲಿ ಸಿಕ್ಕಿದ್ದು ಅಷ್ಟೇ."