ಮಂಜಿಗೆ ಬೇಲಿ ಹಾಕಿದ ಮಾವ

ಊರಿನಲ್ಲಿ ಎಲ್ಲರಿಗೂ ಪಕ್ಕದ ಹೊಲದವನ ಜೊತೆ ವ್ಯಾಜ್ಯ ಇರುತ್ತದೆ. ನಮ್ಮ ಸೋದರಮಾವನಿಗೆ ಇದ್ದದ್ದು ಬೆಟ್ಟದ ಜೊತೆ! ನಗಬೇಡಿ. ಅಥವಾ ನಗಿ, ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕವರೇ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಕಂದಿಕೆರೆಯ ಆಚೆ, ಬೆಟ್ಟದ ಬುಡದ ತಗ್ಗಿನಲ್ಲಿ ಮಾವನ ತೆಂಗಿನ ತೋಟ, ತೋಟದೊಳಗೇ ಮನೆ. ಮಾಗಿ ಬಂತೆಂದರೆ ಅಲ್ಲಿ ಮಂಜು ಬಂದು ಕೂರುತ್ತಿತ್ತು, ಹೊತ್ತೇರುವ ತನಕ ಏಳುತ್ತಿರಲಿಲ್ಲ. ನಮ್ಮ ಅತ್ತೆಗೋ ಉಬ್ಬಸ. ಮಂಜು ಕೂತ ಬೆಳಗ್ಗೆ ಅವರ ಎದೆಯಲ್ಲಿ ಸೀಟಿ ಊದಿದಂತೆ ಸದ್ದು; ಒಂದು ಲೋಟ ನೀರು ಕುಡಿಯಲು ನಡುನಡುವೆ ನಿಂತು ಉಸಿರು ಹುಡುಕಬೇಕು. ಚಿಕ್ಕನಾಯಕನಹಳ್ಳಿಯ ಡಾಕ್ಟರು ಮಾತ್ರೆ ಕೊಟ್ಟು, "ಮಂಜಿನಿಂದ ದೂರ ಇಡಿ, ಇಲ್ದಿದ್ರೆ ಕಷ್ಟ" ಅಂದರು. ಬೇರೆಯವರಾಗಿದ್ದರೆ ಹೆಂಡತಿಗೊಂದು ಶಾಲು ತಂದುಕೊಟ್ಟು ಸುಮ್ಮನಾಗುತ್ತಿದ್ದರು. ಮಾವ ಮಂಜು ಎಲ್ಲಿಂದ ಬರುತ್ತದೆಂದು ಪತ್ತೆ ಹಚ್ಚಲು ಹೊರಟರು!

ಪತ್ತೇದಾರಿಕೆ ಹೇಗೆ ಗೊತ್ತೆ? ಸಂಜೆ ಒಂದು ಬಾಂಡಲಿಯಲ್ಲಿ ಕಾಯಿಮಟ್ಟೆ ಹೊತ್ತಿಸಿಕೊಂಡು, ಹೊಗೆ ಹೋದ ಕಡೆಗೆಲ್ಲ ತಾವೂ ಹೋಗುವುದು. ದಾರಿಯಲ್ಲಿ ಸಿಕ್ಕ ಪಕ್ಕದ ತೋಟದವರು ಕೇಳಿದರು:

"ಏನಣ್ಣಾ, ಏನ್ ಹುಡುಕ್ತಾ ಇದೀಯಾ?"

"ಗಾಳಿ ಕಣಪ್ಪ."

"ಸಿಕ್ತಾ?"

"ಸಿಕ್ತು. ನಿನ್ ತ್ವಾಟದ ಕಡೀಕೇ ಹೊಂಟದೆ, ಅಡ್ಡ ನಿಂತ್ಕಾಬ್ಯಾಡ, ಸರ್ಕೋ!"

ನಾನು ಆಗ ತುರುವೇಕೆರೆಯ ಶಾಲೆಯಲ್ಲಿ ಮೇಡಮ್ಮು. ರಜೆಗೆ ಹೋದಾಗ ನನಗೂ ಪಾಠವಾಯಿತು. "ನೋಡವ್ವಾ, ಹಗಲೆಲ್ಲ ಬೆಟ್ಟ ಉಸಿರು ಮ್ಯಾಲಕ್ಕೆ ಎಳ್ಕತದೆ. ಹೊತ್ತು ಮುಳುಗ್ತು ಅಂದ್ರೆ ಬಂಡೆ ತಣ್ಣಗಾಯ್ತದೆ, ಬಂಡೆ ಮ್ಯಾಲಿನ ಗಾಳೀನೂ ತಣ್ಣಗಾಯ್ತದೆ. ತಣ್ಣನೆ ಗಾಳಿ ಭಾರ. ನೀರು ಹರೀತದಲ್ಲಾ, ಹಂಗೆ ಕೊರಕಲು ಹಿಡ್ಕಂಡು ಇಳೀತದೆ. ತಗ್ಗು ಸಿಕ್ಕಿದ ಕಡೆ ನಿಂತ್ಕತದೆ. ಅದೇ ಬೆಳಗಿನ ಜಾವಕ್ಕೆ ಮಂಜು."

"ಸರಿ ಮಾವ. ಅದಕ್ಕೇನು ಮಾಡ್ತೀರಿ?"

"ನಾವು ತಗ್ಗಿನಾಗೆ ಇದ್ರೆ ತಾನೇ? ಬೆಟ್ಟಕ್ಕೆ ಹೇಳೋದು ಹೇಳಾಯ್ತು, ಅದು ಕೇಳಲ್ಲ. ನಾವೇ ಎದ್ದೋಗಾನ ಬುಡು."

ಹೇಳಿದ್ದೇ ತಡ, ಬೆಟ್ಟದ ಅರ್ಧದ ಇಳಿಜಾರಿನಲ್ಲಿ, ಒಂದು ಗಿಡವೂ ಬಾಳದ ಬೋಳು ದಿಣ್ಣೆಯ ಮೇಲೆ ಮನೆ ಕಟ್ಟಿಬಿಟ್ಟರು! ಬಾವಿ ಕೆಳಗೆ, ತೋಟ ಕೆಳಗೆ, ಊರು ಕೆಳಗೆ, ಇವರು ಮಾತ್ರ ಮೇಲೆ. ಹದ್ದಿಗೂ ಇಷ್ಟು ಒಳ್ಳೆಯ ಗೂಡು ಸಿಕ್ಕಿಲ್ಲ ಎಂದು ಊರು ಆಡಿಕೊಂಡಿತು. ಅತ್ತೆ ಮಾತ್ರ, "ಉಬ್ಬಸ ಹೋಯ್ತು ಕಣೇ, ನೀರು ಹೊತ್ತು ಹೊತ್ತು ಸೊಂಟ ಹೋಯ್ತು" ಎಂದು ನಗುತ್ತಿದ್ದರು. ಉಸಿರಿಗೆ ನಿಲ್ಲದೆ ಒಂದು ಇಡೀ ಮಾತು ಆಡಿ ನಗುತ್ತಿದ್ದರಲ್ಲ, ಮಾವನಿಗೆ ಅದು ಸಾಕಾಗಿತ್ತು.

ಅಲ್ಲಿ ಮಲಗಿ ಎದ್ದ ಮೊದಲ ಬೆಳಗ್ಗೆ ನನ್ನ ನಗು ನಿಂತುಹೋಯಿತು. ಕೆಳಗೆ ತೋಟವೂ ಇಲ್ಲ, ಊರೂ ಇಲ್ಲ, ಕಣ್ಣು ಹರಿಯುವ ತನಕ ಬಿಳಿ! ಅದರ ಮೇಲೆ ತೆಂಗಿನ ತಲೆಗಳು ಮಾತ್ರ ತೇಲುತ್ತಿದ್ದವು. ಆ ಬಿಳಿಯ ಅಡಿಯಲ್ಲಿ ಎಲ್ಲೋ ಒಂದು ಕೋಳಿ ಕೂಗಿತು, ಯಾರೋ ಹಸುವನ್ನು ಬೈದರು. ಅಷ್ಟು ದೊಡ್ಡದು ಸದ್ದಿಲ್ಲದೆ ರಾತ್ರಿಯೆಲ್ಲ ನಮ್ಮ ಮನೆ ಪಕ್ಕದಲ್ಲೇ ಇಳಿದುಹೋಗಿತ್ತು. ಕೆಳಗಿನವರು ಕಂಬಳಿಯೊಳಗೆ ನಡುಗುತ್ತಿದ್ದರೆ ನಾನು ಜಗಲಿಯಲ್ಲಿ ಬರಿಗಾಲಲ್ಲಿ ನಿಂತಿದ್ದೆ. ನನಗೆ ಕೈ ಮುಗಿಯಬೇಕೆನಿಸಿತು, ಮುಗಿದೆ.

ಮಾವ ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡುತ್ತಾರೆಯೇ? ಮಂಜೇನಾದರೂ ಒಂದು ದಿನ ಮೇಲಕ್ಕೆ ಹತ್ತಿ ಬಂದರೆ ಎಂಬ ಭಯ ಹುಟ್ಟಿತು. ತೆಂಗಿನ ಸೀಮೆಯವರಿಗೆ ಏನೇ ಕಷ್ಟ ಬಂದರೂ ಕೈಗೆ ಮೊದಲು ಸಿಗುವುದು ಸೋಗೆ ಮತ್ತು ಮಟ್ಟೆ. ಅಂಗಳದ ಕೆಳಬದಿಗೆ ಉದ್ದಕ್ಕೂ ಬಿದಿರು ಗಳ ನೆಟ್ಟು, ಆಳೆತ್ತರ ಸೋಗೆಯ ತಡಿಕೆ ಕಟ್ಟಿ, ಸಂದಿಗೆಲ್ಲ ಮಟ್ಟೆ ಗಿಡಿದು, ಇರುವೆ ತೂರದ ಬೇಲಿ ಮಾಡಿದರು. "ಈಗ ಬರ್ಲಿ ನೋಡಾನ!" ಅಂದರು.

ಬಂತು. ಆದರೆ ಮೇಲಿನಿಂದ!

ನಾನು ಹೋಗಿ ಉಳಿದಿದ್ದ ಒಂದು ಭಾನುವಾರ ಬೆಳಗ್ಗೆ ಅತ್ತೆಯ ಎದೆಯ ಸೀಟಿ ಕೇಳಿ ನನಗೆ ಎಚ್ಚರವಾಯಿತು. ಬಾಗಿಲು ತೆಗೆದರೆ ಅಂಗಳದ ತುಂಬ ಮಂಜು, ಬಾನಿಯಲ್ಲಿ ಮಜ್ಜಿಗೆ ನಿಂತ ಹಾಗೆ ಬೇಲಿಯ ಅಂಚಿನ ತನಕ! ಬೇಲಿಯ ಆಚೆ ದಿಣ್ಣೆಯೆಲ್ಲ ನಿಚ್ಚಳ. ಬೆಟ್ಟದಿಂದ ಇಳಿದ ಗಾಳಿ ಹೋಗಲು ದಾರಿಯಿಲ್ಲದೆ ನಮ್ಮ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಅತ್ತೆ ಜಗಲಿಯ ಕಂಬ ಹಿಡಿದು ಬಾಯಿ ತೆರೆದು ಕೂತಿದ್ದರು. ಉಸಿರು ಒಳಗೆ ಹೋಗುತ್ತಿರಲಿಲ್ಲ.

ಮಾವ ಒಂದು ಕ್ಷಣ ನೋಡಿದರು. "ಅಯ್ಯೋ, ಕಟ್ಟೆ ಕಟ್ಟಿದೋನು ನಾನೇ ಕಣವ್ವಾ!" ಎಂದು ಕೂಗಿ ಓಡಿದರು. ಕುಡುಗೋಲು ಹುಡುಕಲಿಲ್ಲ. ಬರಿಗೈಯಲ್ಲೇ ಮಟ್ಟೆ ಕಿತ್ತರು, ಸೋಗೆ ಹರಿದರು, ಗಳ ಮುರಿದರು. ಬೇಲಿ ಬಾಯಿ ಬಿಟ್ಟಿತು. ಮಂಜು ಅಲುಗಾಡಿತು. ಆಮೇಲೆ ತೂಬು ಎತ್ತಿದ ಕೆರೆಯಂತೆ, ನೆಲ ಸವರಿಕೊಂಡು, ನನ್ನ ಕಾಲುಗಳ ನಡುವೆಯೇ ಹಾದು ಸದ್ದಿಲ್ಲದೆ ಕೆಳಗೆ ಹರಿಯತೊಡಗಿತು. ಅಂಥದನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಮಾವ ಅತ್ತ ತಿರುಗಿಯೂ ನೋಡಲಿಲ್ಲ. ಅತ್ತೆಯ ಪಕ್ಕ ಕೂತು ಬೆನ್ನು ನೀವತೊಡಗಿದರು. ನಾನು ಅರಿಯದೆ, "ಮಾವ, ನೋಡಿ, ಗಾಳಿ ಹೆಂಗೆ ಹೋಗ್ತಾ ಇದೆ!" ಅಂದೆ.

"ಸುಮ್ಕಿರವ್ವಾ. ಅವ್ಳು ಉಸಿರಾಡೋದು ಕೇಳ್ಬೇಕು."

ಬಹಳ ಹೊತ್ತಾಯಿತು. ಬಿಸಿಲು ಜಗಲಿಗೆ ಬಂತು. ಸೀಟಿ ಸಣ್ಣಗಾಗುತ್ತಾ ಬಂದು ಅತ್ತೆ ಕಣ್ಣು ತೆರೆದರು. ಮೊದಲು ಸಿಕ್ಕ ಉಸಿರನ್ನು ಅವರು ಖರ್ಚು ಮಾಡಿದ್ದು ಒಂದೇ ಮಾತಿಗೆ: "ಕೈ ತೋರ್ಸಿ ಇಲ್ಲಿ."

ಮಾವನ ಅಂಗೈ ತುಂಬ ಬಿದಿರಿನ ಸಿಬಿರು, ರಕ್ತ. ಅತ್ತೆ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಸಿಬಿರು ಕೀಳತೊಡಗಿದರು. ಮಾವ ಮಗುವಿನ ಹಾಗೆ ಅಳುತ್ತಾ ಕೂತಿದ್ದರು. ಪಿನ್ನು ಚುಚ್ಚಿ ಅತ್ತರು ಎಂದೇ ನಾನು ಊರಿಗೆಲ್ಲ ಹೇಳಿದ್ದೇನೆ.